ಹೌದು, ನೋಡಿದೆ

ಹಿಂದೂಪುರದಲ್ಲಿ ನನ್ನ ಮೊದಲ ಭಾನುವಾರ. ಕೈಗಾರಿಕಾ ವಸಾಹತಿನ ಮಾಲೀಕರೆಲ್ಲ ಒಬ್ಬರ ಮನೆಯಲ್ಲಿ ಊಟಕ್ಕೆ ಸೇರಿದ್ದರು. "ಕಂಪನಿ ಹೇಗೈತೆ ಮೇಡಂ?" ಎಂದು ಒಬ್ಬರಾದ ಮೇಲೊಬ್ಬರು ಕೇಳಿದರು. ಶೆಡ್ಡಿಗೆ ಇನ್ನೂ ಕರೆಂಟೇ ಬಂದಿಲ್ಲ ಎಂದೆ. ಮಾತು ಗಕ್ಕನೆ ನಿಂತಿತು. ಪಕ್ಕದಲ್ಲಿದ್ದವನು ಮೆಲ್ಲಗೆ, "ಪರ್ವಾಲೇದು ಅನ್ನಿ ಅಕ್ಕಾ. ಇಲ್ಲಿ ಅಷ್ಟೇ ಹೇಳ್ಬೇಕು" ಎಂದ. ತೊಂದರೆಯಿಲ್ಲ ಎಂದರ್ಥ. ನಾನು ಕಲಿತ ಮೊದಲ ತೆಲುಗು ಅದು.

ಅವನು ನಾಗರಾಜು, ಕಲ್ಯಾಣದುರ್ಗದ ನೇಕಾರರ ಮಗ, ಟೀವಿ ಆಂಟೆನಾದ ಬೂಸ್ಟರ್ ತಯಾರಿಸುತ್ತಿದ್ದ. ಎಂಬತ್ತರ ದಶಕದ ಕೊನೆಯಲ್ಲಿ ವೋಲ್ಟೇಜ್ ಸ್ಟೆಬಿಲೈಸರ್ ಮಾಡಲು ಮೈಸೂರಿನಿಂದ ಬಂದ ಒಂಟಿ ಹೆಂಗಸಾದ ನನಗೆ ಬಾಡಿಗೆ ಮನೆ ಕೊಡಿಸಿದವನೂ ಅವನೇ. ನಮ್ಮ ಮೈಸೂರಿನಲ್ಲಿ ನೆರೆಯವರು ಕಷ್ಟ ಹೇಳಿಕೊಂಡೇ ಹತ್ತಿರವಾಗುತ್ತಾರೆ. ಇಲ್ಲಿ ಪ್ರತಿ ಭಾನುವಾರದ ಊಟದಲ್ಲೂ ಮುದ್ದೆ, ಕಡಲೆಕಾಯಿ ಚಟ್ನಿಯ ಜೊತೆ ಹೊಸ ಯಂತ್ರ, ಮದರಾಸಿನ ಆರ್ಡರು, ದೆಹಲಿಯ ಪ್ರದರ್ಶನದ ಮಾತು. ಸೋಲು ಮಾತ್ರ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಎರಡನೇ ವರ್ಷ ಒಂದು ಮಧ್ಯಾಹ್ನ ಬೆಸುಗೆ ತಂತಿ ಕೇಳಲು ಅವನ ಶೆಡ್ಡಿಗೆ ಹೋದೆ. ಮೇಜುಗಳ ಮೇಲೆ ಧೂಳು. ಕೆಲಸಗಾರರಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಾಗರಾಜು ಒಬ್ಬನೇ ಕೂತಿದ್ದ. ನನ್ನನ್ನು ನೋಡಿ ಅಂಗಿಯ ತೋಳು ಸರಿಮಾಡಿಕೊಂಡ. ನಾನು ತಂತಿಯನ್ನೂ ಕೇಳದೆ ತಿರುಗಿ ಬಂದೆ.

ಆ ಭಾನುವಾರ ಅವನು ಕಲ್ಯಾಣದುರ್ಗದಲ್ಲೇ ಇದ್ದ ಹೆಂಡತಿ ಶಾರದಮ್ಮನನ್ನೂ ಊಟಕ್ಕೆ ಕರೆತಂದಿದ್ದ. "ಮೂರು ಶಿಫ್ಟ್ ನಡೀತೈತೆ. ಅಕ್ಕನೇ ನೋಡವ್ರೆ" ಎಂದ. ಎಲ್ಲರೂ ನನ್ನತ್ತ ತಿರುಗಿದರು.

"ಹೌದು, ನೋಡಿದೆ" ಎಂದೆ. ಶಾರದಮ್ಮನ ಮುಖ ಅರಳಿತು.

ಮುಂದಿನ ಎರಡು ಭಾನುವಾರ ಅವನು ಬರಲಿಲ್ಲ. ಶೆಡ್ಡಿಗೆ ಬೀಗ ಬಿದ್ದಿತ್ತು. ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಮಗ್ಗದಿಂದ ಎದ್ದು ಬಂದ ಶಾರದಮ್ಮ ನನ್ನ ಹಿಂದೆ ಇಣುಕಿದಳು. "ನಮ್ಮನೆಯೋರು ಬರ್ಲಿಲ್ವೇನಮ್ಮ? ಕೆಲ್ಸ ಜಾಸ್ತಿ, ಶೆಡ್ಡಲ್ಲೇ ಇರ್ತೀನಿ ಅಂತ ಹೇಳಿ ಹೋದ್ರು."

ಎಲ್ಲವನ್ನೂ ಹೇಳಿದೆ. ಆಕೆ ಬಾಗಿಲು ಹಿಡಿದು ನಿಂತಳು. "ಅವ್ರ ಮಾತಿಗಿಂತ ನಿಮ್ಮಾತನ್ನ ನಂಬ್ಬುಟ್ಟೆ ಕಣಮ್ಮ."

ಪೊಲೀಸ್ ಠಾಣೆ, ಆಸ್ಪತ್ರೆ, ಬೆಂಗಳೂರಿನ ನೆಂಟರ ಮನೆ, ಎಲ್ಲ ಕಡೆ ಇಬ್ಬರೂ ಹುಡುಕಿದೆವು. ನಾಗರಾಜು ಸಿಗಲಿಲ್ಲ. ಭಾನುವಾರದ ಊಟದಲ್ಲಿ ಅವನ ಹೆಸರನ್ನು ಯಾರೂ ಎತ್ತಲಿಲ್ಲ. ಒಮ್ಮೆ ನಾನೇ ಎತ್ತಿದೆ. ನನ್ನ ಸ್ಟೆಬಿಲೈಸರುಗಳೂ ಕೆಟ್ಟು ವಾಪಸು ಬರುತ್ತಿವೆ ಎಂದೂ ಹೇಳಿದೆ. ಆಮೇಲೆ ನನಗೆ ಊಟದ ಕರೆ ಬರಲಿಲ್ಲ.

ಎಲ್ಲ ಮುಚ್ಚಿ ಮೈಸೂರಿಗೆ ಮರಳುತ್ತೇನೆಂದು ಶಾರದಮ್ಮನಿಗೆ ಹೇಳಲು ಹೋದೆ.

"ನೀವೂ ಹೋಗ್ಬುಟ್ರೆ, ಅವ್ರು ಬಂದಾಗ ಹಿಂದೂಪುರದಾಗೆ ಯಾರನ್ನ ಕೇಳ್ತಾರೆ?" ಎಂದಳು.

ಉಳಿದೆ. ಈಗ ಮೈಸೂರಿಗೆ ಹೋದರೆ ಎರಡನೇ ದಿನವೇ ವಾಪಸು ಹೊರಡುವ ತವಕ. ಹಿಂದೂಪುರದಲ್ಲಿ ಇಳಿದಾಗಲೂ ಮನೆಗೆ ಬಂದೆ ಅನ್ನಿಸುವುದಿಲ್ಲ. ನಿಲ್ದಾಣದಲ್ಲೇ ನಿಂತು, ಬೇರೆ ಬಸ್ಸುಗಳಿಂದ ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡುತ್ತೇನೆ.