ಆಯುಧಪೂಜೆಗೆ ಮೊದಲು ಅಳಿಸಿದ ಫೈಲು

ಆಯುಧಪೂಜೆಯ ಹಿಂದಿನ ದಿನ ನಮ್ಮ ಕಚೇರಿಯಲ್ಲಿ ಯಾರೂ ಕೆಲಸ ಮಾಡುತ್ತಿರಲಿಲ್ಲ, ಎಲ್ಲರೂ ಒರೆಸುತ್ತಿದ್ದರು. ಮದ್ರಾಸಿನ ಪ್ಯಾರೀಸ್ ಕಾರ್ನರಿನ ಹಿಂದಿನ ಬೀದಿಯಲ್ಲಿ, ಬಂದರಿಗೆ ಬಂದ ಸರಕನ್ನು ಬಿಡಿಸಿಕೊಡುವ ಸಣ್ಣ ಏಜೆನ್ಸಿ ನಮ್ಮದು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಟೈಪ್‌ರೈಟರಿನ ಅಕ್ಷರಗಳಲ್ಲಿ ಕೂತ ಮಸಿಯನ್ನು ಹಳೆಯ ಟೂತ್‌ಬ್ರಷ್ಷಿನಿಂದ ತೆಗೆಯುವವರು, ಬೀರುವಿನ ತಲೆಯ ಮೇಲಿನ ಧೂಳಿಗೆ ಸೀನುವವರು. ಹಾಗಿರುವಾಗ ಕಚೇರಿಗೆ ಇದ್ದ ಒಂದೇ ಒಂದು ಕಂಪ್ಯೂಟರನ್ನು ಮಾತ್ರ ಕೊಳಕಾಗಿ ಬಿಡಲಾದೀತೆ? ಅದರ ಮುಂದೆ ಕೂತು ಸರಕಿನ ಲೆಕ್ಕ ತುಂಬುತ್ತಿದ್ದ ಹೆಂಗಸು ಹೊರಗೆಲ್ಲ ಒರೆಸಿ ಮುಗಿಸಿದರು. ಪೂಜೆ ಅಂದಮೇಲೆ ಒಳಗೂ ಕಸ ಇರಬಾರದು ಎಂದುಕೊಂಡು, ಬೇಡದ ಫೈಲುಗಳನ್ನು ಅಳಿಸಲು ಕುಳಿತರು.

ಸ್ವಲ್ಪ ಹೊತ್ತಿಗೆ ಆಕೆ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದುಕೊಂಡೇ ನನ್ನ ಮೇಜಿನ ಹತ್ತಿರ ಬಂದರು. ಅಣ್ಣಾ ನಗರದವರು, ಮನೆಮಾತು ಕನ್ನಡ, ಆದರೆ ಅಜ್ಜನ ಕಾಲದಿಂದ ಮದ್ರಾಸು. ಉಳಿದವರಿಗೆ ತಿಳಿಯಬಾರದ ವಿಷಯಗಳಿಗೆ ಮಾತ್ರ ನಾವಿಬ್ಬರೂ ಕನ್ನಡ ಬಳಸುತ್ತಿದ್ದೆವು.

"ಸಾರ್, ಕೊಂಚ ಬನ್ನಿ."

"ಏನಾಯ್ತಮ್ಮ?"

"ಕ್ಲೀನ್ ಮಾಡ್ತಿದ್ದೆ ಸಾರ್. ಎಲ್ಲಾ ಅಳಿಸ್ಲಾ, ಖಂಡಿತನಾ ಅಂತ ಅದು ಕೇಳ್ತು. ಹೌದು ಅಂತ ಒತ್ತಿಬಿಟ್ಟೆ. ಆಮೇಲೆ ನೋಡಿದ್ರೆ ಬೇರೆ ಡೈರೆಕ್ಟರಿಲಿದ್ದೆ. ಸರಕಿನ ಫೈಲು ಪೋಚ್ಚು ಸಾರ್, ಹೋಯ್ತು."

ಯಾರ ಸರಕು ಬಂದರಿನ ಯಾವ ಗೋದಾಮಿನಲ್ಲಿದೆ ಎಂಬುದೆಲ್ಲ ಆ ಫೈಲಿನಲ್ಲಿತ್ತು. ಆಕೆಯ ತಿಂಗಳುಗಟ್ಟಲೆ ದುಡಿಮೆ. ಆಕೆ ಇನ್ನೂ ಹಂಗಾಮಿ. ಕಾಯಂ ಮಾಡುವುದೋ ಬಿಡುವುದೋ ಎಂದು ಮ್ಯಾನೇಜರು ದಸರಾ ಕಳೆದ ಮೇಲೆ ಬರೆದು ಕಳಿಸುವವರಿದ್ದರು. ಇನ್ನೊಂದು ಪ್ರತಿ ಫ್ಲಾಪಿಯಲ್ಲಿತ್ತು, ನಿಜ. ಅದನ್ನು ಹೊರಗೆಳೆದು ನೋಡಿದರೆ, ಕಡಲ ಗಾಳಿಗೆ ತಟ್ಟೆಯ ಮೇಲೆಲ್ಲ ಬೂಷ್ಟು ಬೆಳೆದಿತ್ತು.

"ಕೀಬೋರ್ಡು ಮುಟ್ಟಬೇಡಿ" ಎಂದೆ. ಅಳಿಸಿದ ಫೈಲು ನಿಜಕ್ಕೂ ಅಳಿಸಿಹೋಗಿರುವುದಿಲ್ಲ, ಅದರ ಜಾಗ ಖಾಲಿಯಿದೆ ಎಂದು ಯಂತ್ರ ಗುರುತು ಹಾಕಿಕೊಂಡಿರುತ್ತದೆ ಅಷ್ಟೆ. ಆ ಜಾಗದ ಮೇಲೆ ಬೇರೇನಾದರೂ ಬರೆದುಬಿಟ್ಟರೆ ಮಾತ್ರ ಮುಗಿಯಿತು. ಇದನ್ನು ನಾನು ಎಲ್ಲೋ ಓದಿದ್ದೆ. ಓದಿದ್ದು ಸರಿಯೇ ಎಂಬ ಅನುಮಾನವೂ ಜೊತೆಗೇ ಬಂತು.

ನನ್ನ ಡ್ರಾಯರಿನಲ್ಲಿ ಒಂದು ಫ್ಲಾಪಿ ಬಿದ್ದಿತ್ತು. ಹಡಗೊಂದರ ರೇಡಿಯೋ ಆಫೀಸರು ಯಾವುದೋ ಬಂದರಿನಿಂದ ತಂದುಕೊಟ್ಟಿದ್ದು. ಅದರ ತುಂಬ ಪುಕ್ಕಟೆ ಪ್ರೋಗ್ರಾಮುಗಳು, ಫೈಲು ವಿಂಗಡಿಸುವುದು, ಹುಡುಕುವುದು, ಅಳಿಸಿದ್ದನ್ನು ಎಬ್ಬಿಸುವುದು. ಒಂದೊಂದಕ್ಕೂ ಅದರ ಮೂಲ ಬರಹವನ್ನೂ ಜೊತೆಗಿಟ್ಟಿದ್ದರು: ಓದಿ, ತಿದ್ದಿ, ಯಾರಿಗೆ ಬೇಕಾದರೂ ಕೊಡಿ ಎಂಬ ಸೂಚನೆ ಸಮೇತ. ಓಪನ್ ಸೋರ್ಸ್ ಎಂಬ ಮಾತು ಹುಟ್ಟುವುದಕ್ಕೆ ಎಷ್ಟೋ ಮೊದಲು. ನಾನೋ, ಮೈಲಾಪೂರಿನ ತರಕಾರಿಯವನು ಕೊಸರಿಗೆ ಕೊಡುವ ಕರಿಬೇವನ್ನೂ ಎರಡು ಸಲ ಮೂಸಿ ನೋಡುವವನು. ಹಾರ್ಡ್ ಡಿಸ್ಕನ್ನೇ ನುಂಗುವ ವೈರಸ್ಸಿನ ಸುದ್ದಿ ಬೇರೆ ಪತ್ರಿಕೆಗಳಲ್ಲಿ ಬರುತ್ತಿದ್ದ ಕಾಲ. ಫ್ಲಾಪಿಯನ್ನು ಒಂದು ಸಲವೂ ಯಂತ್ರಕ್ಕೆ ತೋರಿಸಿರಲಿಲ್ಲ.

ಈಗಲೂ ಅಳಿಸಿದ್ದನ್ನು ಎಬ್ಬಿಸುವ ಆ ಪ್ರೋಗ್ರಾಮು ಓಡಿಸುವ ಧೈರ್ಯ ಬರಲಿಲ್ಲ. ಅದರ ಮೂಲವನ್ನು ಫ್ಲಾಪಿಯಿಂದ ನೇರ ಪ್ರಿಂಟರಿಗೆ ಕಳಿಸಿದೆ. ಅದರಿಂದ ಹಾರ್ಡ್ ಡಿಸ್ಕಿನ ಮೇಲೆ ಏನೂ ಬರೆದಂತಾಗುವುದಿಲ್ಲ. ಪ್ರಿಂಟರು ಕೊನೆಯ ಪುಟದಲ್ಲಿ ಕಿರುಗುಟ್ಟುತ್ತಿರುವಾಗಲೇ ಮ್ಯಾನೇಜರು ಚಂದನದ ಬಟ್ಟಲು ಹಿಡಿದು ಬಂದರು. "ಪೋದುಂ ಸಾರ್, ನಿರುತ್ತುಂಗೊ" ಎಂದು ನಿಲ್ಲಿಸಲು ಹೇಳಿ, ಮಾನಿಟರಿನ ಹಣೆಗೆ ಮೂರು ಪಟ್ಟೆ ಎಳೆದರು. ಇನ್ನು ವಿಜಯದಶಮಿಯವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ನನಗೆ ಜೀವ ಬಂದಂತಾಯಿತು. ಡಿಸ್ಕಿಗೆ ಇದಕ್ಕಿಂತ ಗಟ್ಟಿ ಕಾವಲು ಎಲ್ಲಿ ಸಿಕ್ಕೀತು?

ಅಷ್ಟರಲ್ಲಿ ಅವರು ಸೇರಿಸಿದರು, ನಾಡಿದ್ದು ಬೆಳಿಗ್ಗೆ ಕಳೆದ ವರ್ಷದ ಹಾಗೇ ತಾವೇ ಶ್ರೀಕಾರ ಟೈಪು ಮಾಡಿ ಸೇವ್ ಮಾಡುವುದಾಗಿ.

ಆ ಶ್ರೀಕಾರ ಡಿಸ್ಕಿನಲ್ಲಿ ಎಲ್ಲಿ ಹೋಗಿ ಕೂರುತ್ತದೋ ಯಾರು ಬಲ್ಲರು. ಆಕೆ ನನ್ನ ಮುಖ ನೋಡಿದರು. ನಾನು ಊದುಬತ್ತಿ ನೋಡಿದೆ.

ಹಬ್ಬದ ದಿನ ಮನೆಯಲ್ಲಿ ಗೊಂಬೆ ನೋಡಲು ಬರುವವರ ಸಾಲು. ನಾನು ಗೊಂಬೆಮೆಟ್ಟಿಲ ಪಕ್ಕದಲ್ಲೇ ಕೂತು, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುವ ಪ್ರಿಂಟರು ಕಾಗದವನ್ನು ಸಾಲು ಸಾಲಾಗಿ ಓದುತ್ತಿದ್ದೆ.

"ಬಂದೋರೆಲ್ಲ ನಿಮ್ಮನ್ನೂ ಒಂದು ಗೊಂಬೆ ಅಂದ್ಕೊಂಡು ನೋಡ್ತಿದಾರೆ" ಎಂದಳು ಹೆಂಡತಿ. "ರೂಮಲ್ಲಿ ಕೂತ್ಕೊಂಡು ಚಿಂತೆ ಮಾಡಿ."

"ರೂಮಲ್ಲಿ ಬೆಳಕಿಲ್ಲ."

"ನಿಮ್ಮ ಚಿಂತೆಗೆ ಬೆಳಕೂ ಬೇಕಾ?"

ಬೇಕಿತ್ತು. ಹುರುಳಿಲ್ಲದ ಭಯಗಳನ್ನೇ ಸಾಕಿಕೊಂಡು ಬಂದವನಿಗೆ ಅಂದು ಒಂದು ನಿಜವಾದದ್ದು ಸಿಕ್ಕಿತು. ಆ ಪ್ರೋಗ್ರಾಮು ಡಿಸ್ಕೆಲ್ಲ ತಡಕಿ, ತನಗೆ ಸಿಕ್ಕಿದ್ದರ ಪಟ್ಟಿಯನ್ನು ಅದೇ ಡಿಸ್ಕಿನ ಮೇಲೆ ಬರೆದಿಡುತ್ತಿತ್ತು. ಕಳೆದ ಉಂಗುರ ಹುಡುಕಲು ಬಂದವನು ಅಂಗಳದ ತುಂಬ ಮಣ್ಣು ಸುರಿದ ಹಾಗೆ. ಬರೆದವನು ದುಷ್ಟನೇನಲ್ಲ, ನನ್ನಷ್ಟು ಪುಕ್ಕಲನಲ್ಲ ಅಷ್ಟೆ. ಪಟ್ಟಿ ಹಾರ್ಡ್ ಡಿಸ್ಕಿನ ಬದಲು ಫ್ಲಾಪಿಗೆ ಹೋಗುವಂತೆ ಮಾಡಲು ಒಂದು ಸಾಲು ತಿದ್ದಿದರೆ ಸಾಕಿತ್ತು. ಅಂಗಡಿಯಿಂದ ಕೊಂಡ ಪ್ರೋಗ್ರಾಮಾಗಿದ್ದರೆ ಆ ಸಾಲು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ. ಅದನ್ನು ಪೆನ್ಸಿಲಿನಲ್ಲಿ ತಿದ್ದಿದೆ. ಆಮೇಲೆ ತಿದ್ದಿದ್ದು ಸರಿಯೇ ಎಂದು ಮಲಗುವವರೆಗೂ ಚಿಂತಿಸಿದೆ.

ವಿಜಯದಶಮಿಯ ಬೆಳಿಗ್ಗೆ ನಾನು ಕಚೇರಿ ಮುಟ್ಟುವಷ್ಟರಲ್ಲಿ ಮ್ಯಾನೇಜರು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡಿದ್ದರು. ಬಸ್ಸಿನಲ್ಲಿ ಬರುತ್ತಾ ಸುಳ್ಳೊಂದನ್ನು ಜೋಡಿಸಿಕೊಂಡಿದ್ದೆ: ಕರೆಂಟು ಏರಿಳಿಯುತ್ತಿದೆ, ಯಂತ್ರ ಮೊದಲು ಪರೀಕ್ಷಿಸಬೇಕು, ಇತ್ಯಾದಿ. ನಾನು ಬಾಯಿ ತೆರೆಯುವ ಮೊದಲೇ ಆಕೆ ಮುಂದೆ ಬಂದು ತಮಿಳಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟರು. ಅಳಿಸಿದ್ದು ತಾನು, ಸಾರ್ ಏನೋ ದಾರಿ ಹುಡುಕಿದ್ದಾರೆ, ದಯವಿಟ್ಟು ಈಗ ಏನೂ ಸೇವ್ ಮಾಡಬೇಡಿ ಎಂದು.

ಮ್ಯಾನೇಜರು ಕೀಬೋರ್ಡಿನ ಮೇಲೆ ಚಾಚಿದ್ದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. ನನ್ನ ಕಡೆ ತಿರುಗಿ, "ವರುಮಾ?" ಎಂದರು. ಬರುತ್ತದೆ ಎಂದು ನಾನು ಜೀವಮಾನದಲ್ಲಿ ಯಾವುದಕ್ಕೂ ಹೇಳಿದವನಲ್ಲ. "ನೋಡೋಣ" ಎಂದೆ. ಅವರು ಕೈಗಡಿಯಾರ ನೋಡಿ, ರಾಹುಕಾಲ ಹತ್ತಿರ ಬರುತ್ತಿದೆ, ಅಷ್ಟರೊಳಗೆ ಮುಗಿಸಿ ಎಂದು ಕುರ್ಚಿ ಬಿಟ್ಟುಕೊಟ್ಟರು.

ಮೂಲ ಬರಹವನ್ನು ಓಡುವ ಪ್ರೋಗ್ರಾಮಾಗಿಸುವ ಕಂಪೈಲರು ಹಾಕಿದ್ದ ಫ್ಲಾಪಿಗೇ ಮೂಲವನ್ನು ನಕಲು ಮಾಡಿ ತಂದಿದ್ದೆನೆಂದರೆ ನನ್ನನ್ನು ನಾನೇ ಹೊಗಳಿಕೊಂಡಂತೆ. ಅದನ್ನು ಮಾಡಿಕೊಟ್ಟಿದ್ದು ನಮ್ಮ ಮನೆ ಬೀದಿಯ ಮೂಲೆಯ ಕಂಪ್ಯೂಟರ್ ತರಗತಿಯ ಮೇಷ್ಟ್ರು. ಸಾಲು ತಿದ್ದಿದೆ. ಕಂಪೈಲ್ ಆಗಲಿಲ್ಲ. ಗಾಬರಿಯಲ್ಲಿ ಒಂದು ಅರ್ಧವಿರಾಮ ಬಿಟ್ಟಿದ್ದೆ. ಸೇರಿಸಿದೆ, ಆಯಿತು. ಡಿಸ್ಕು ಗೊರಗೊರ ಎನ್ನತೊಡಗಿತು. ನನ್ನ ಹಿಂದೆ ಇಡೀ ಕಚೇರಿ ನಿಂತಿತ್ತು. ಪರದೆಯ ಮೇಲೆ ತಲೆಯಿಲ್ಲದ ಹೆಸರೊಂದು ಮೂಡಿತು. ಅಳಿಸುವಾಗ ಹೆಸರಿನ ಮೊದಲ ಅಕ್ಷರ ಹೋಗಿಬಿಡುತ್ತದೆ, ಅದೇನೆಂದು ಪ್ರೋಗ್ರಾಮು ನಮ್ಮನ್ನೇ ಕೇಳುತ್ತದೆ.

ಮ್ಯಾನೇಜರು ಆಕೆಯನ್ನು ಕರೆದರು. "ನೀ ದಾನೇ ಅಳಿಚ್ಚೆ, ನೀಯೇ ಅಮುಕ್ಕು." ಅಳಿಸಿದವಳೇ ಒತ್ತಲಿ ಎಂದು.

ಆಕೆ ಒತ್ತಿದರು. ಗೊರಗೊರ ನಿಂತಿತು. ಫೈಲು ತೆರೆದರೆ ಗೋದಾಮುಗಳು, ಹಡಗುಗಳು, ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ಆಕೆ ಕೊನೆಯವರೆಗೂ ಇಳಿದು, ತಾವು ಕಟ್ಟಕಡೆಗೆ ತುಂಬಿದ ಸರಕನ್ನು ನೋಡಿದ ಮೇಲೆಯೇ ಉಸಿರು ಬಿಟ್ಟರು. ಎರಡು ಹೊಸ ಫ್ಲಾಪಿಗಳಿಗೆ ನಕಲು ತೆಗೆದಾದ ನಂತರ ಮ್ಯಾನೇಜರು ಶ್ರೀಕಾರ ಬರೆದು, ಸೇವ್ ಮಾಡಿ, ಎದ್ದರು. ಬಾಗಿಲ ಹತ್ತಿರ ನಿಂತು ಆಕೆಗೆ, "ಅಡುತ್ತ ವರುಷಂ ತುಣಿಯಾಲೆ ಮಟ್ಟುಂ ತೊಡೆಮ್ಮಾ" ಎಂದರು. ಮುಂದಿನ ವರ್ಷ ಬಟ್ಟೆಯಲ್ಲಿ ಮಾತ್ರ ಒರೆಸಬೇಕಂತೆ.

ಅವರು ಹೋದ ಮೇಲೆ ಆಕೆ ಮೆಲ್ಲಗೆ ಕನ್ನಡದಲ್ಲಿ ಕೇಳಿದರು, "ಸಾರ್, ಮುಂದಿನ ವರ್ಷ ಅಂದ್ರಲ್ಲ. ನಿಮಗೂ ಕೇಳಿಸ್ತಾ?"

"ಕೇಳಿಸ್ತು" ಎಂದೆ. "ಆದ್ರೂ ಕಾಯಂ ಆರ್ಡರು ಕೈಗೆ ಬರೋವರೆಗೂ ಮನೇಲಿ ಹೇಳ್ಬೇಡಿ."

"ಹೇಳೇ ಹೇಳ್ತೀನಿ" ಎಂದು ಆಕೆ ಫೋನಿನ ಕಡೆ ನಡೆದರು.