ಮಂಚದಡಿಯ ಹನ್ನೊಂದು ಬಾತುಗಳು

ಬಾತು ಕೊಬ್ಬಿಸುವುದರಲ್ಲಿ ನಮ್ಮ ಓಣಿಯ ಬಹಿಯ್ಯಾಳನ್ನು ಮೀರಿಸುವವರಿರಲಿಲ್ಲ. ನೈಲ್ ಕಾಲುವೆಯಾಚೆಯ ಹೆಂಗಸರೂ ಕಲಿಯಲಿ ಎಂದು ಹೆಣ್ಣುಮಕ್ಕಳನ್ನು ಇವಳ ಹತ್ತಿರ ಕಳಿಸುತ್ತಿದ್ದರು. ನೆನೆಸಿದ ಮುಸುಕಿನ ಜೋಳವನ್ನು ಬಾಯಿಗೆ ತುಂಬಿಕೊಂಡು, ಮರಿಯ ಕೊಕ್ಕನ್ನು ತನ್ನ ತುಟಿಗಳ ನಡುವೆ ಹಿಡಿದು, ಒಳಗೆ ಊದುವಳು. ಹೊಗಳಿದರೆ ಉಬ್ಬುವ ಹೆಂಗಸು. ಪಕ್ಕದ ಮನೆಯವಳಾದ ನಾನೂ ಬೇಕಾದಷ್ಟು ಉಬ್ಬಿಸುತ್ತಿದ್ದೆ. ಹಬ್ಬ ಬಂದರೆ ನಮ್ಮ ಮನೆಗೂ ಒಂದು ಬಾತು ಬರುತ್ತಿತ್ತಲ್ಲ!

ಸೊಸೆ ರಾವಿಯಾ ಮನೆ ತುಂಬಿದ ಮೇಲೆ ಆ ವಿದ್ಯೆಯನ್ನೆಲ್ಲ ಅವಳಿಗೆ ಧಾರೆಯೆರೆದಳು. ಬಾಯಿಂದ ಬಾಯಿಗೆ ಕಾಳು ಕೊಡುವುದನ್ನೂ.

ಹಕ್ಕಿಜ್ವರದ ಎರಡನೇ ಚಳಿಗಾಲ ಅದು. ಹಿಂದಿನ ವರ್ಷ ಸರ್ಕಾರದವರು ಬಂದು ಓಣಿಯ ಕೋಳಿ, ಬಾತು, ಪಾರಿವಾಳ ಎಲ್ಲವನ್ನೂ ಮೂಟೆ ಕಟ್ಟಿ ಒಯ್ದಿದ್ದರು. ಮತ್ತೆ ಬರುತ್ತಾರಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಬಹಿಯ್ಯಾ ಆಮೇಲೆ ಹೊಸದಾಗಿ ಸಾಕಿದ್ದ ಹನ್ನೊಂದು ಬಾತುಗಳನ್ನು ಮಾಳಿಗೆಯಿಂದ ಇಳಿಸಿ ಸೊಸೆಯ ಮಂಚದಡಿ ಸೇರಿಸಿದಳು. ರಾವಿಯಾಳ ತಂಗಿಯ ಮದುವೆ ಹತ್ತಿರವಿತ್ತು. ಮದುಮಕ್ಕಳ ಊಟಕ್ಕೆ ಬಾತು ತನ್ನದೇ ಎಂದು ಬೀಗರಿಗೆ ಮಾತು ಕೊಟ್ಟಿದ್ದಳು. ಅಷ್ಟರಲ್ಲಿ ಎರಡು ಬಾತು ಸತ್ತವು. ಚಳಿಗೆ ಇರಬೇಕು ಅಂದುಕೊಂಡೆವು.

ರಾವಿಯಾಗೆ ಜ್ವರ ಬಂದ ಮಾರನೇ ದಿನವೇ ಬಹಿಯ್ಯಾ ಮತ್ತು ನಾನು ಅವಳನ್ನು ಪಟ್ಟಣದ ಆಸ್ಪತ್ರೆಗೆ ಕರೆದೊಯ್ದೆವು. ಹುಡುಗಿ ಏದುಸಿರು ಬಿಡುತ್ತಿದ್ದಳು. ಡಾಕ್ಟರು ಮೊದಲು ಕೇಳಿದ್ದೇ ಅದನ್ನು.

"ಮನೇಲಿ ಕೋಳಿ, ಬಾತು ಏನಾದ್ರೂ ಇದೆಯೇನಮ್ಮ?"

ರಾವಿಯಾ ಅತ್ತೆಯ ಮುಖ ನೋಡಿದಳು.

"ಎಲ್ಲಿಂದ ಬರ್ಬೇಕು ಡಾಕ್ಟ್ರೇ," ಅಂದಳು ಬಹಿಯ್ಯಾ. "ಹೋದ ವರ್ಷಾನೇ ಬಾಚ್ಕೊಂಡು ಹೋದ್ರಲ್ಲ ನಿಮ್ಮೋರು. ಒಂದು ಪುಕ್ಕಾನೂ ಉಳ್ಸಿಲ್ಲ."

ಡಾಕ್ಟರು ಸಾಮಾನ್ಯ ನ್ಯುಮೋನಿಯಾ ಎಂದು ಬರೆದರು. ಮೂರು ದಿನ ಅದಕ್ಕೇ ಔಷಧಿ ನಡೆಯಿತು. ಐದನೇ ದಿನ ರಾವಿಯಾಳ ತುಟಿ ನೀಲಿಗಟ್ಟಿದಾಗ ಬಹಿಯ್ಯಾ ಡಾಕ್ಟರ ಕೈ ಹಿಡಿದು ನಿಜ ಹೇಳಿದಳು. ಅವರು ಬೈಯಲಿಲ್ಲ, ಹಕ್ಕಿಜ್ವರದ ಮಾತ್ರೆ ತರಲು ಓಡಿದರು. ಏಳನೇ ದಿನ ಹುಡುಗಿ ಹೋಗಿಬಿಟ್ಟಳು. ಅವಳಿಗೆ ಇಪ್ಪತ್ತೆರಡು ವರ್ಷ.

ಮರುವರ್ಷದಿಂದ ಕೈರೋದ ಸಂಶೋಧಕಿ ಮಾಹಿತಾಬ್ ನಮ್ಮೂರಿಗೆ ಬರತೊಡಗಿದಳು. ತಿಂಗಳಿಗೊಮ್ಮೆ ಹಕ್ಕಿಗಳ ಗಂಟಲನ್ನೂ ನಮ್ಮ ಮೂಗನ್ನೂ ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ ಒಯ್ಯುವಳು. ಯಾವ ವೈರಸ್ಸು ಹಕ್ಕಿಯಿಂದ ಮನುಷ್ಯರಿಗೆ ದಾಟುತ್ತದೆ ಎಂದು ನೋಡಬೇಕಂತೆ. ಹೆಂಗಸರು ಬಾಗಿಲು ಹಾಕಿಕೊಂಡರು. ಬಹಿಯ್ಯಾ ಮಾತ್ರ ಅವಳ ಐಸ್ ಪೆಟ್ಟಿಗೆ ಹೊತ್ತು ಆರು ವರ್ಷ ಮನೆಮನೆ ಅಲೆದಳು. ಬಾತಿಲ್ಲ ಅಂದವಳನ್ನು ಪಕ್ಕಕ್ಕೆ ಸರಿಸಿ ಸೀದಾ ಮಂಚದ ಕೆಳಗೆ ಬಗ್ಗಿ ನೋಡುವಳು. "ನನ್ ಹತ್ರ ಸುಳ್ಳು ಹೇಳ್ಬೇಡ ಕಣೇ. ಅದ್ರಲ್ಲಿ ನಾನು ನಿನ್ಗಿಂತ ಪಳಗಿದೋಳು," ಅನ್ನುವಳು. ಸೊಸೆಯನ್ನು ತಿಂದವಳು ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಅದು ಅವಳ ಕಿವಿಗೂ ಬೀಳುತ್ತಿತ್ತು.

ರಾವಿಯಾಳ ವಿಷಯ ಮಾಹಿತಾಬ್‌ಗೆ ಯಾರೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ನಮ್ಮ ಅಂಗಳದಲ್ಲಿ ಚಹಾ ಕುಡಿಯುತ್ತ, ಹಕ್ಕಿಜ್ವರ ಬಂದ ಮೊದಲ ಎರಡು ದಿನದಲ್ಲಿ ಮಾತ್ರೆ ಶುರುಮಾಡಿದರೆ ಬಹಳ ಜನ ಉಳಿಯುತ್ತಾರೆ ಎಂದಳು.

ಬಹಿಯ್ಯಾ ಲೋಟ ಕೆಳಗಿಟ್ಟಳು. "ಐದನೇ ದಿನ ಆದ್ರೆ?"

"ಕಷ್ಟ, ಅಮ್ಮ."

ಮಾಹಿತಾಬ್ ಹೊರಟ ಮೇಲೂ ಬಹಿಯ್ಯಾ ಏಳಲಿಲ್ಲ. "ಅವತ್ತು ಅವ್ಳು ನನ್ ಮುಖ ನೋಡಿದ್ಲು, ತಹಾನಿ," ಅಂದಳು ನನಗೆ. "ಹೇಳ್ಲಾ ಬೇಡ್ವಾ ಅಂತ ಕೇಳ್ತಾ ಇದ್ಲು. ನಾನು ಬೇಡ ಅಂದ್ಬಿಟ್ಟೆ."

ನಾನು ಅವಳ ಬೆನ್ನು ಸವರಿದೆ, ದೇವರಿಚ್ಛೆ ಎಂದೆ. ಅಷ್ಟು ಹೇಳಲು ನನಗೆ ನಾಚಿಕೆಯಾಗಬೇಕಿತ್ತು. ಬಹಿಯ್ಯಾ ಸುಳ್ಳು ಹೇಳಿ ಮುಗಿಸಿದ ಮೇಲೆ ರಾವಿಯಾ ತಿರುಗಿ ನನ್ನ ಮುಖವನ್ನೂ ನೋಡಿದ್ದಳು. ನಾನು ಗೋಡೆ ನೋಡಿದೆ.

ಬಹಿಯ್ಯಾ ಹೋದ ವರ್ಷ ತೀರಿಕೊಂಡಳು, ತಪ್ಪೆಲ್ಲ ತನ್ನೊಬ್ಬಳದೇ ಎಂದುಕೊಂಡು. ಹಾಗೆ ಅಂದುಕೊಳ್ಳಲು ನಾನು ಬಿಟ್ಟೆ.