ಉಮಾವತಿ ಗಸ್ಸನ್ ಬೆಟ್ಟಕ್ಕೆ ಹೊರಟದ್ದು

ಗೌರವ ಎಂಬ ಪದ ಕಂಡರೆ ಉಮಾವತಿಗೆ ಈಗಲೂ ಮೈ ಉರಿಯುತ್ತದೆ. ಮೇ ತಿಂಗಳ ಆ ಮಂಗಳವಾರ ಬೆಳಿಗ್ಗೆ ಬಂದ ಇ-ಮೇಲಿನಲ್ಲಿ ಅದು ಒಂದಲ್ಲ, ಮೂರು ಸಲ ಇತ್ತು. "ನಿಮ್ಮ ಸಂಪ್ರದಾಯದ ಮೇಲಿನ ಗೌರವದಿಂದ, ನಿಮ್ಮ ಕುಟುಂಬದ ದುಃಖದ ಮೇಲಿನ ಗೌರವದಿಂದ, ಬೆಟ್ಟದ ಮೇಲಿನ ಗೌರವದಿಂದ ಈ ವರ್ಷದ ಯಾತ್ರೆಯ ಪಟ್ಟಿಯಿಂದ ನಿಮ್ಮ ಹೆಸರನ್ನು ತೆಗೆದಿದ್ದೇನೆ." ಕೆಳಗೆ ಯಾತ್ರೆಯ ಮಾರ್ಗದರ್ಶಿ ಹನ್ನೆಕೆಯ ಸಹಿ.

ಉಮಾವತಿ ಅದನ್ನು ಓದಿದ್ದು ಡಚ್ಚರ ನಾಡಿನ ನೈಮೆಗನ್ ವಿಶ್ವವಿದ್ಯಾಲಯದ ಗಾಜಿನ ಮನೆಯಲ್ಲಿ, ಟೊಮೆಟೊ ಸಸಿಗಳ ನಡುವೆ ನಿಂತು, ಮಣ್ಣಿನ ಕೈಯಲ್ಲೇ. ಅವಳ ಬಾಯಿಂದ ಅಪ್ಪಟ ತುಳುವಿನಲ್ಲಿ ಬಂದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಪಕ್ಕದಲ್ಲಿದ್ದ ಡಚ್ ಸಹೋದ್ಯೋಗಿ, ಯಾವುದಾದರೂ ಕುಂಡ ಒಡೆಯಿತೇ ಎಂದು ಕೇಳಿದ. "ಇನ್ನೂ ಇಲ್ಲ, ಈಗ ಒಡೀತೇನೆ" ಎಂದಳು.

ಕಾರ್ಕಳದ ಹೆಣ್ಣು. ವಯಸ್ಸು ಐವತ್ತೇಳು. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ, ಚಿಪ್ ಕಾರ್ಖಾನೆಯ ಎಂಜಿನಿಯರ್ ಐತಪ್ಪನ ಕೈ ಹಿಡಿದು, ಪುಟ್ಟ ಮಗನನ್ನೂ ಕಟ್ಟಿಕೊಂಡು ಇಪ್ಪತ್ತನಾಲ್ಕು ವರ್ಷದ ಹಿಂದೆ ಈ ಊರಿಗೆ ಬಂದವಳು. ಆರು ವರ್ಷ ಮನೆಯಲ್ಲಿ ಕೂತು ಕೂತು ಸಾಕಾಗಿ ಡಚ್ ಕಲಿತಳು; ಬೇಲಿಗೆ ಎರಡು ಸಲ ಬಿದ್ದೆದ್ದು ಸೈಕಲ್ಲೂ ಕಲಿತಳು. ಆಮೇಲೆ ಈ ಗಾಜಿನ ಮನೆಯಲ್ಲಿ ಬೀಜ ಬಿತ್ತುವ, ಚೀಟಿ ಅಂಟಿಸುವ, ಪ್ರೊಫೆಸರುಗಳು ರಜೆಗೆ ಹೋದಾಗ ಅವರ ಗಿಡಗಳನ್ನು ಸಾಯದಂತೆ ನೋಡಿಕೊಳ್ಳುವ ಕೆಲಸ ಹಿಡಿದಳು. ಹದಿನೆಂಟು ವರ್ಷವಾಯಿತು. ಅವಳು ನೀರು ಹಾಕಿದ ಗಿಡ ಒಣಗಿದ್ದನ್ನು ಕಂಡವರಿಲ್ಲ.

ಹನ್ನೆಕೆಯನ್ನು ಅವಳು ಮೊದಲು ನೋಡಿದ್ದು ಆರು ವರ್ಷದ ಹಿಂದೆ, ಲೈಡನ್ ಊರಿನ ಒಂದು ಗ್ರಂಥಾಲಯದಲ್ಲಿ, ಈ ಯಾತ್ರೆಯ ಬಗ್ಗೆ ಅವಳ ಭಾಷಣವಿದ್ದ ದಿನ. ಹನ್ನೆಕೆ ಜಪಾನಿನಲ್ಲಿ ಇಪ್ಪತ್ತು ವರ್ಷ ಬದುಕಿ ಬಂದ, ಉದ್ದ ಕಾಲಿನ, ಬಿಳಿ ಕೂದಲಿನ ಹೆಂಗಸು. ಪ್ರತಿ ಆಗಸ್ಟ್ ಕೊನೆಗೆ ಒಂಬತ್ತು ಜನರನ್ನು ಉತ್ತರ ಜಪಾನಿನ ಮೂರು ಬೆಟ್ಟಗಳಿಗೆ ಕರೆದೊಯ್ಯುತ್ತಾಳೆ. ಒಂದೇ ಬೆಟ್ಟದಲ್ಲಿ ಬುದ್ಧನ ಘಂಟೆಯೂ ಉಂಟು, ಅಲ್ಲಿನ ಹಳೆಯ ಶಿಂಟೋ ಮತದ ದೇವರ ಕೆಂಪು ಹೆಬ್ಬಾಗಿಲೂ ಉಂಟು. ಅಲ್ಲಿನವರಿಗೆ ಅದರಲ್ಲಿ ಜಗಳವೇ ಕಾಣುವುದಿಲ್ಲ. ಮೊದಲನೆಯದು ಈ ಲೋಕದ ಬೆಟ್ಟ, ಎರಡನೆಯದಾದ ಗಸ್ಸನ್ ಸತ್ತವರ ಬೆಟ್ಟ, ಮೂರನೆಯದು ಮತ್ತೆ ಹುಟ್ಟುವ ಬೆಟ್ಟ. ಹೋಗುವವರು ಹೆಣಕ್ಕೆ ಹೊದಿಸುವಂಥ ಬಿಳಿ ಬಟ್ಟೆ ತೊಟ್ಟು ಹತ್ತುತ್ತಾರೆ. ಭಾಷಣ ಮುಗಿದದ್ದೇ ಉಮಾವತಿ ಎದ್ದು ನಿಂತು, "ಅಲ್ಲಿಗೆ ಹೆಂಗಸರು ಹೋಗಬಹುದೇ?" ಎಂದು ಕೇಳಿದಳು. ಹೋಗಬಹುದು ಎಂದಳು ಹನ್ನೆಕೆ. ಅಷ್ಟು ಸಾಕಿತ್ತು.

ಸಾಕಿತ್ತು, ಆದರೆ ಹೊರಡುವುದಾಗಲಿಲ್ಲ. ಒಂದು ವರ್ಷ ಮಗ ಶ್ರೀಜಿತನ ಪದವಿ, ಇನ್ನೊಂದು ವರ್ಷ ಅವನ ಮದುವೆ, ಮತ್ತೊಂದು ವರ್ಷ ಐತಪ್ಪನಿಗೆ ರಜೆ ಇಲ್ಲ, ಮಗದೊಂದು ವರ್ಷ ಇದ್ದ ರಜೆಯೆಲ್ಲ ಊರಿನ ದೈವದ ನೇಮೋತ್ಸವಕ್ಕೇ ಮುಗಿಯಿತು. ಈ ಫೆಬ್ರವರಿಯಲ್ಲಿ ಐತಪ್ಪ ಸೋಫಾದ ಮೇಲೆ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಆಂಬುಲೆನ್ಸಿನವರು ಬರುವಷ್ಟರಲ್ಲಿ ಮುಗಿದಿತ್ತು. ಉಮಾವತಿ ಅತ್ತಳು, ಊರಿಗೆ ಹೋಗಿ ಉತ್ತರಕ್ರಿಯೆ ಮುಗಿಸಿ ಬಂದಳು, ಬಂದು ಮತ್ತೆ ಅತ್ತಳು. ಏಪ್ರಿಲ್ ಹದಿನಾಲ್ಕಕ್ಕೆ ಕಣ್ಣು ಒರೆಸಿಕೊಂಡು ಹನ್ನೆಕೆಯ ಪಟ್ಟಿಗೆ ತನ್ನ ಹೆಸರು ಸೇರಿಸಿದಳು.

ಅಲ್ಲಿಂದ ಶುರುವಾಯಿತು ನೋಡಿ ರಾಮಾಯಣ. ನಮ್ಮ ಕಡೆ ಮನೆಯಲ್ಲಿ ಸಾವಾದರೆ ಸೂತಕ ಕಳೆದರೂ ವರ್ಷ ತುಂಬುವ ತನಕ ಬೆಟ್ಟ ಹತ್ತುವ ಹಾಗಿಲ್ಲ, ತೀರ್ಥಯಾತ್ರೆ ಹೋಗುವ ಹಾಗಿಲ್ಲ. ಐತಪ್ಪನ ಅಣ್ಣ ದೂಮಪ್ಪ ಭಾವ ಉಡುಪಿಯಿಂದ ವಾರಕ್ಕೆ ಎರಡು ಸಲ ಫೋನು ಮಾಡಿ ಅದನ್ನೇ ಹೇಳತೊಡಗಿದರು. "ಗಂಡ ಹೋಗಿ ವರ್ಷ ಆಗ್ಲಿಲ್ಲ, ಬೆಟ್ಟವಂತೆ! ಕೇಳಿದವರು ಎಂತ ಹೇಳಿಯಾರು?" ಉಮಾವತಿ ಹೂಂಗುಟ್ಟಿ ಫೋನಿಡುತ್ತಿದ್ದಳು. ಅವಳ ಹತ್ತಿರ ನಡೆಯದ್ದನ್ನು ಕಂಡು ಭಾವ ಶ್ರೀಜಿತನನ್ನು ಹಿಡಿದರು. ಶ್ರೀಜಿತ್ ಆಮ್ಸ್ಟರ್‌ಡ್ಯಾಮಿನ ಬ್ಯಾಂಕೊಂದರಲ್ಲಿದ್ದಾನೆ. ಜಗಳವೆಂದರೆ ಅವನಿಗೆ ಹೊಟ್ಟೆನೋವು, ಎಲ್ಲವನ್ನೂ ಒಂದು ಚೆಂದದ ಇ-ಮೇಲಿನಲ್ಲಿ ಮುಗಿಸುವ ಆಸಾಮಿ. ಅಮ್ಮನಿಗೆ ಒಂದು ಮಾತೂ ಹೇಳದೆ ಹನ್ನೆಕೆಗೆ ಎರಡು ಪುಟ ಬರೆದ: ನಮ್ಮಲ್ಲಿ ಹೀಗೊಂದು ಪದ್ಧತಿಯಿದೆ, ಅಮ್ಮ ಈಗ ದುಃಖದಲ್ಲಿದ್ದಾರೆ, ಪೂರ್ತಿ ಯೋಚಿಸುವ ಸ್ಥಿತಿಯಲ್ಲಿಲ್ಲ. ಇನ್ನೊಬ್ಬರ ಪದ್ಧತಿಯನ್ನು ಎಲ್ಲಿ ತುಳಿದುಬಿಡುತ್ತೇನೋ ಎಂದು ಸದಾ ಹೆದರುವ ಹನ್ನೆಕೆ ಆ ಎರಡು ಪುಟವನ್ನೂ ವೇದವಾಕ್ಯವೆಂದು ನಂಬಿ ಹೆಸರು ಹೊಡೆದುಹಾಕಿದಳು. ಯಾರ ಹೆಸರೋ ಅವಳನ್ನೊಂದು ಮಾತು ಕೇಳಬೇಕೆಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹನ್ನೆಕೆಯ ಇ-ಮೇಲಿನ ಅಡಿಯಲ್ಲಿ ಮಗನ ಆ ಎರಡು ಪುಟವೂ ಅಂಟಿಕೊಂಡೇ ಬಂದಿತ್ತು. ಉಮಾವತಿ ಅಂದೇ ಮಗನಿಗೆ ಫೋನು ಹಚ್ಚಿದಳು.

"ಎಂತ ಬರೆದದ್ದು ನೀನು ಆ ಹೆಂಗಸಿಗೆ?"

"ಅಮ್ಮಾ, ಪ್ಲೀಸ್, ಕೂಲ್ ಡೌನ್. ನಾನು ಜಸ್ಟ್ ಕಲ್ಚರಲ್ ಕಾಂಟೆಕ್ಸ್ಟ್ ಕೊಟ್ಟೆ, ಅಷ್ಟೇ."

"ಕಾಂಟೆಕ್ಸ್ಟಾ? ನಾನು ಯೋಚನೆ ಮಾಡುವ ಸ್ಥಿತಿಯಲ್ಲಿ ಇಲ್ಲ ಅಂತ ಬರೆದದ್ದು ಕಾಂಟೆಕ್ಸ್ಟಾ? ನಿನ್ನ ತೆರಿಗೆ ಫಾರ್ಮಿನ ಡಚ್ ಓದಿ ಹೇಳುವುದು ಯಾರು ಮಾರಾಯ? ಆವಾಗ ನನ್ನ ತಲೆ ಸರಿ ಉಂಟಲ್ಲ?"

"ದೊಡ್ಡಪ್ಪ ತುಂಬಾ ಅಪ್‌ಸೆಟ್ ಆಗಿದ್ದಾರೆ ಅಮ್ಮಾ. ಒಂದು ವರ್ಷ ವೇಟ್ ಮಾಡಿದ್ರೆ ಏನಾಗುತ್ತೆ?"

"ಆರು ವರ್ಷ ಮಾಡಿದ್ದೇನೆ" ಎಂದು ಫೋನಿಟ್ಟಳು.

ಆ ಸಂಜೆ ತಾನಾಗಿಯೇ ಭಾವನಿಗೆ ಫೋನು ಮಾಡಿದಳು. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಅವರೆದುರು ದನಿ ಎತ್ತಿದವಳಲ್ಲ. ಇಲ್ಲಿ ಒಂದು ವಿಷಯ ಹೇಳಲೇಬೇಕು. ತುಳುವರಲ್ಲಿ ಬರಿ ಎಂದು ಉಂಟು, ತಾಯಿಯ ಕಡೆಯಿಂದ ಬರುವ ಕುಲ. ಗಂಡನದ್ದು ಒಂದು, ಹೆಂಡತಿಯದ್ದು ಇನ್ನೊಂದು. ಐತಪ್ಪನ ಕುಟುಂಬದ ದೈವದ ಚಾವಡಿಯಲ್ಲಿ ವರ್ಷವರ್ಷವೂ ನೇಮ ನಡೆಯುವಾಗ ಉಮಾವತಿಯನ್ನು ಮೆಟ್ಟಿಲ ಕೆಳಗೇ ನಿಲ್ಲಿಸುತ್ತಿದ್ದರು. ಒಂದು ಸಲ ಅರಿಯದೆ ಮೇಲೆ ಕಾಲಿಟ್ಟದ್ದಕ್ಕೆ, "ನೀನು ಬೇರೆ ಬರಿಯವಳು, ಕೆಳಗೆ ನಿಲ್ಲು" ಎಂದು ನೂರು ಜನರೆದುರು ಹೇಳಿದ್ದು ಇದೇ ದೂಮಪ್ಪ ಭಾವ. ಐತಪ್ಪ ಪಕ್ಕದಲ್ಲೇ ಇದ್ದ, ಸುಮ್ಮನಿದ್ದ. ಅವಳು ಕೆಳಗಿಳಿದು ನಿಂತಿದ್ದಳು.

"ಭಾವ, ನಂಗೆ ಒಂದು ಲೆಕ್ಕ ಅರ್ಥ ಆಗುದಿಲ್ಲ" ಎಂದಳು ಈಗ. "ಚಾವಡಿಯ ಒಳಗೆ ಬರ್ಲಿಕ್ಕೆ ನಾನು ಬೇರೆ ಬರಿ. ಬೆಟ್ಟ ಹತ್ತದೆ ಮನೆಯಲ್ಲಿ ಕೂತುಕೊಳ್ಲಿಕ್ಕೆ ಮಾತ್ರ ನಿಮ್ಮ ಬರಿಯಾ?"

ದೂಮಪ್ಪ ಭಾವ ಕೆಟ್ಟವರಲ್ಲ; ತಮ್ಮನನ್ನು ಎತ್ತಿ ಆಡಿಸಿದವರು, ಅವನನ್ನು ಕಳೆದುಕೊಂಡು ಹಿಡಿಯಲೊಂದು ನಿಯಮವಾದರೂ ಇರಲೆಂದು ಒದ್ದಾಡುತ್ತಿದ್ದವರು. ಅದು ಉಮಾವತಿಗೆ ಗೊತ್ತಿತ್ತು, ಗೊತ್ತಿದ್ದೂ ಅವಳು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಭಾವ ಕೊನೆಗೆ, "ಹಾಗಾದ್ರೆ ಒಂದು ಮಾಡು" ಎಂದರು. "ಅವನ ಹೆಸರಲ್ಲಿ ಹೋಗು. ಅವನ ಫೋಟೊ ತಗೊಂಡು ಹೋಗು. ಗಂಡನ ಸದ್ಗತಿಗೆ ಹೋದದ್ದು ಅಂತ ನಾನು ಇಲ್ಲಿ ಎಲ್ರಿಗೂ ಹೇಳ್ತೇನೆ. ದೋಷ ಇಲ್ಲ."

ಇದಕ್ಕಿಂತ ಸುಲಭದ ದಾರಿ ಬೇಕೇ? ಶ್ರೀಜಿತ್ ಕುಣಿದಾಡಿಬಿಟ್ಟ. ಶುಕ್ರವಾರವೇ ಹನ್ನೆಕೆಗೆ ಇನ್ನೊಂದು ಇ-ಮೇಲು ಕಳಿಸಿದ: ಅಮ್ಮ ಅಪ್ಪನ ಸ್ಮರಣೆಗಾಗಿ ನಡೆಯುವುದಾದರೆ ಕುಟುಂಬದ ಒಪ್ಪಿಗೆ ಇದೆ. ಅಮ್ಮನಿಗೂ ಮೆಸೇಜ್ ಬಂತು, ಜೊತೆಗೊಂದು ಹೆಬ್ಬೆರಳಿನ ಚಿತ್ರ. ಅವಳು ಅದಕ್ಕೆ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಬೆನ್ನಿಗೆ ಹಾಕುವ ಚೀಲಕ್ಕೆ ಎಂಟು ಕಿಲೊ ಅಕ್ಕಿ ತುಂಬುತ್ತ ಕೂತಿದ್ದಳು.

ಅಕ್ಕಿ ಯಾಕೆಂದರೆ ಮರುದಿನ ಶನಿವಾರ ಅಭ್ಯಾಸದ ನಡಿಗೆ. ಎಂಟು ಕಿಲೊ ಭಾರ ಹೊತ್ತು ಹದಿನೆಂಟು ಕಿಲೊಮೀಟರು ನಡೆಯಲಾರದವರನ್ನು ಹನ್ನೆಕೆ ಜಪಾನಿಗೆ ಕರೆದೊಯ್ಯುವುದಿಲ್ಲ. ಈ ದೇಶ ಮಣೆ ಹಾಸಿದಷ್ಟು ಚಪ್ಪಟೆ. ನೈಮೆಗನ್ನಿನ ಪೂರ್ವಕ್ಕೆ ಮಾತ್ರ ಒಂದಿಷ್ಟು ಗುಡ್ಡಗಳು. ನೂರು ಮೀಟರು ಎತ್ತರವೂ ಇಲ್ಲದ ಅವನ್ನು ಇಲ್ಲಿಯವರು ಕಣ್ಣರಳಿಸಿ ಬೆಟ್ಟ ಎನ್ನುತ್ತಾರೆ. ಅವುಗಳಲ್ಲಿ ಒಂದನ್ನೇ ನಾಲ್ಕು ಸಲ ಹತ್ತಿಳಿಯಬೇಕು. ಪಟ್ಟಿಯಲ್ಲಿ ಹೆಸರಿಲ್ಲದ ಉಮಾವತಿ ಎಲ್ಲರಿಗಿಂತ ಹತ್ತು ನಿಮಿಷ ಮೊದಲೇ ಬಸ್ಸಿಳಿದು ನಿಂತಿದ್ದಳು.

ಹನ್ನೆಕೆ ಅವಳನ್ನು ಕಂಡು ಕೆಂಪಾದಳು. "ನಿಮ್ಮ ಮಗನ ಎರಡನೇ ಪತ್ರ ಓದಿದೆ. ನನಗೆ ತುಂಬ ಸಮಾಧಾನವಾಯಿತು. ಗಂಡನ ನೆನಪಿಗಾಗಿ ನಡೆಯುವುದಾದರೆ..."

"ಅದನ್ನು ಆಮೇಲೆ ಮಾತಾಡೋಣ" ಎಂದಳು ಉಮಾವತಿ, ತುಳುವಿನ ರಾಗದ ತನ್ನ ಡಚ್ಚಿನಲ್ಲಿ. "ಈ ದಾರಿ ಸಾರ್ವಜನಿಕರದ್ದು. ನಾನು ನಡೆಯುತ್ತೇನೆ, ನೀವು ನೋಡಿ."

ನಡೆದಳು. ಮೊದಲನೇ ಏರಿನಲ್ಲಿ ಏದುಸಿರು ಬಂತು, ಎರಡನೆಯದರಲ್ಲಿ ಸೊಂಟ ಹಿಡಿಯಿತು. ಮೂರನೆಯದರಲ್ಲಿ ಅವಳಿಗಿಂತ ಹದಿನೈದು ವರ್ಷ ಚಿಕ್ಕವನೊಬ್ಬ ಕಲ್ಲಿನ ಮೇಲೆ ಕೂತುಬಿಟ್ಟ, ಅವಳು ಕೂರಲಿಲ್ಲ. ಸತ್ತರೂ ಕೂರೆ ಎಂದು ಹಲ್ಲು ಕಚ್ಚಿದ್ದಳು. ನಾಲ್ಕನೇ ಸಲ ಗುಡ್ಡದ ತಲೆ ಮುಟ್ಟಿದಾಗ, ಅಲ್ಲಿನ ಪ್ಯಾನ್‌ಕೇಕ್ ಹೋಟೆಲಿನ ಬೆಂಚಿನ ಮೇಲೆ ಶ್ರೀಜಿತ್ ಕಾಯುತ್ತಿದ್ದ. ತೊಡೆಯ ಮೇಲೆ ಕಂದು ಕವರು. ಒಳಗೆ ಐತಪ್ಪನ ಫೋಟೊ, ಕಟ್ಟು ಹಾಕಿಸಿ ತಂದದ್ದು. ಅಮ್ಮನನ್ನು ಕಂಡು, "ಎಲ್ಲ ಸೆಟ್ ಆಯ್ತಲ್ಲ ಅಮ್ಮಾ" ಎಂದು ನಕ್ಕ.

ಎಲ್ಲರೂ ಹುಲ್ಲಿನ ಮೇಲೆ ವೃತ್ತವಾಗಿ ಕೂತರು. ಹನ್ನೆಕೆ ಬೆರಳಗಲದ ಮರದ ಚಕ್ಕೆಗಳನ್ನೂ ಒಂದು ಕಪ್ಪು ಪೆನ್ನನ್ನೂ ಹಂಚಿದಳು. ಯಾರ ಹೆಸರಿನಲ್ಲಿ ನಡೆಯುತ್ತೀರೋ ಅವರ ಹೆಸರು ಬರೆದುಕೊಡಿ, ಬೆಟ್ಟದ ಗುಡಿಯ ಹೋಮದಲ್ಲಿ ಅದನ್ನು ಅರ್ಪಿಸುತ್ತಾರೆ ಎಂದಳು. ಒಬ್ಬಳು ತೀರಿಹೋದ ತಾಯಿಯ ಹೆಸರು ಬರೆದಳು, ಕಲ್ಲಿನ ಮೇಲೆ ಕೂತಿದ್ದವನು ಕ್ಯಾನ್ಸರಾದ ತಮ್ಮನ ಹೆಸರು ಬರೆದ. ಚಕ್ಕೆ ಉಮಾವತಿಯ ಕೈಗೆ ಬಂದಾಗ ಶ್ರೀಜಿತ್ ಕವರಿನಿಂದ ಫೋಟೊ ತೆಗೆದು ಅವಳೆದುರು ಹುಲ್ಲಿನ ಮೇಲಿಟ್ಟ. ಐತಪ್ಪ ಅದರಲ್ಲಿ ನಗುತ್ತಿದ್ದ, ಒಳ್ಳೆಯ ಫೋಟೊ.

ಉಮಾವತಿ ಅದನ್ನು ಎತ್ತಿಕೊಂಡು ಸೆರಗಿಲ್ಲದ ಅಂಗಿಯ ತುದಿಯಿಂದ ಗಾಜು ಒರೆಸಿದಳು. ಆಮೇಲೆ ಮಗನ ಕೈಗೇ ಕೊಟ್ಟಳು.

"ಇದು ನಾನು ಒಯ್ಯುದಿಲ್ಲ."

"ಅಮ್ಮಾ, ದೊಡ್ಡಪ್ಪ ಒಪ್ಪಿದ್ದೇ ಅದಕ್ಕೆ. ಒಂದು ಹೆಸರು ಬರೆಯೋದು ಅಷ್ಟೇ ಅಲ್ವಾ? ವಾಟ್ಸ್ ದ ಪ್ರಾಬ್ಲಂ?"

"ನಿನ್ನಪ್ಪನಿಗೆ ಬೆಟ್ಟ ಅಂದ್ರೆ ಆಗ್ತಿರ್ಲಿಲ್ಲ ಮಗ. ಎರಡನೇ ಮಾಳಿಗೆಗೆ ಲಿಫ್ಟ್ ಇಲ್ಲದಿದ್ರೆ ಆ ಮನೆಗೆ ಊಟಕ್ಕೇ ಹೋಗ್ತಿರ್ಲಿಲ್ಲ ಅವರು. ಬದುಕಿದ್ದಾಗ ಬರಲ್ಲ ಅಂದವರನ್ನು ಸತ್ತ ಮೇಲೆ ಚೀಲದಲ್ಲಿ ಹಾಕಿ ಎಳ್ಕೊಂಡು ಹೋಗ್ಬೇಕಾ? ಪಾಪ ಅಲ್ವಾ?"

ಶ್ರೀಜಿತನ ಕಣ್ಣು ತುಂಬಿತು. ಮೂವತ್ತರ ಗಂಡಸು, ಅಷ್ಟು ಜನರೆದುರು. "ನಿಮಗೆ ಅಪ್ಪನ ಮೇಲೆ ಪ್ರೀತಿ ಇರ್ಲಿಲ್ವಾ ಅಮ್ಮಾ?"

"ಇತ್ತು. ಈಗಲೂ ಉಂಟು. ಅದಕ್ಕೇ ಅವರ ಹೆಸರಲ್ಲಿ ಸುಳ್ಳು ಹೇಳುದಿಲ್ಲ." ಅವಳು ಕಪ್ಪು ಪೆನ್ನಿನ ಮುಚ್ಚಳ ತೆಗೆದಳು. "ನಂಗೆ ಹೋಗ್ಬೇಕು ಅಂತ ಆಸೆ. ನಂಗೆ. ಆಸೆಗೆ ಬೇರೆಯವರ ಹೆಸರು ಹಾಕಿದ್ರೆ ಮಾತ್ರ ಬಿಡ್ತೀರಿ ಅಂತಾದ್ರೆ ನಂಗೆ ಆ ಅಪ್ಪಣೆ ಬೇಡ."

ಹನ್ನೆಕೆಗೆ ಭಾಷೆ ತಿಳಿಯಲಿಲ್ಲ, ಮುಖಗಳು ತಿಳಿದವು. ಉಮಾವತಿ ಅವಳ ಕಡೆ ತಿರುಗಿ ಡಚ್ಚಿನಲ್ಲಿ ಹೇಳಿದಳು. "ನಾನು ಗಂಡನ ನೆನಪಿಗಾಗಿ ಬರುತ್ತಿಲ್ಲ. ನಮ್ಮಲ್ಲಿ ವರ್ಷದೊಳಗೆ ಬೆಟ್ಟ ಹತ್ತಬಾರದು, ಅದು ನಿಜ. ಗೊತ್ತಿದ್ದೇ ಹತ್ತುತ್ತೇನೆ. ದೋಷ ಬಂದರೆ ನನಗೆ ಬರಲಿ. ನೀವು ನನ್ನ ಸಂಪ್ರದಾಯವನ್ನು ಗೌರವಿಸಿದಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ಈಗ ಕೇಳಿ."

ಹನ್ನೆಕೆ ತಲೆ ತಗ್ಗಿಸಿದಳು. "ತಪ್ಪಾಯಿತು" ಎಂದಳು. ಮತ್ತೆ ಕೇಳಿದಳು, "ಬರುತ್ತೀರಾ?"

"ಬರುತ್ತೇನೆ" ಎಂದು ಉಮಾವತಿ ಚಕ್ಕೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಕನ್ನಡದಲ್ಲಿ, ಗುಂಡಗೆ, ನಿಧಾನಕ್ಕೆ ಬರೆದಳು. ಹನ್ನೆಕೆ ಅದನ್ನು ತೆಗೆದುಕೊಂಡು ಅತ್ತಿತ್ತ ತಿರುಗಿಸಿ ನೋಡಿ ಶ್ರೀಜಿತನತ್ತ ಚಾಚಿದಳು. "ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ಯಾರ ಹೆಸರೆಂದು ಓದಿ ಹೇಳುತ್ತೀರಾ?"

ಶ್ರೀಜಿತ್ ಅಪ್ಪನ ಫೋಟೊವನ್ನು ಕಂಕುಳಲ್ಲಿ ಇಟ್ಟುಕೊಂಡು ಎರಡೂ ಕೈಯಲ್ಲಿ ಚಕ್ಕೆ ಹಿಡಿದ. ಕನ್ನಡ ಓದಿ ವರ್ಷಗಳಾಗಿದ್ದವು. ಒಂದೊಂದೇ ಅಕ್ಷರ ಕೂಡಿಸಿ, ಎಲ್ಲರಿಗೂ ಕೇಳುವ ಹಾಗೆ ಓದಿದ.

"ಉಮಾವತಿ."